ಎಸ್-400 ಸರಿ, ಓಸಾ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ದೂರದ ವಿಮಾನಗಳನ್ನು ಹೊಡೆದುರುಳಿಸುವ ರಷ್ಯಾದ ಕ್ಷಿಪಣಿ ವ್ಯವಸ್ಥೆ ಎಸ್-400 ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಟ್ಯಾಂಕುಗಳ ಹಿಂದೆಯೇ ಓಡಾಡಿ ಅವನ್ನು ಶತ್ರು ವಿಮಾನಗಳಿಂದ ಕಾಯುವ ಸಣ್ಣ ಕ್ಷಿಪಣಿ ವಾಹನಗಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸೋವಿಯತ್ ಒಕ್ಕೂಟದ ಓಸಾ ನೋಡಿ. 1970ರ ದಶಕದ ಆರಂಭದಲ್ಲಿ ಬಂದ ಆರು ಚಕ್ರದ ಗಾಡಿ ಅದು. ಗುರಿ ಹುಡುಕುವ ರೇಡಾರ್, ಬೆನ್ನಟ್ಟುವ ರೇಡಾರ್, ಕ್ಷಿಪಣಿಗಳು ಎಲ್ಲವೂ ಒಂದೇ ವಾಹನದ ಮೇಲೆ. ಹೊಳೆ ಅಡ್ಡ ಬಂದರೆ ತೇಲಿಕೊಂಡೇ ದಾಟುತ್ತದೆ! ನಮ್ಮ ಸೇನೆಯಲ್ಲಿರುವ ಓಸಾ-ಎಕೆಯಲ್ಲಿ ಆರು ಕ್ಷಿಪಣಿ, ಹೊಡೆಯುವ ದೂರ ಸುಮಾರು 10 ಕಿ.ಮೀ.

ಅದರ ಜೊತೆಗಾರ ಸ್ಟ್ರೆಲಾ-10. ಇದರ ದೂರ 5 ಕಿ.ಮೀ. ಅಷ್ಟೇ. ಆದರೆ ಕ್ಷಿಪಣಿ ವಿಮಾನದ ಶಾಖವನ್ನು ಹಿಡಿದು ಹೋಗುವುದರಿಂದ ಗುರಿ ಬೆನ್ನಟ್ಟಲು ರೇಡಾರ್ ಬೇಡ. ಹಾಗಾಗಿ ಶತ್ರುವಿಗೆ ಇದರ ಸುಳಿವು ಸುಲಭವಾಗಿ ಸಿಗುವುದಿಲ್ಲ. ರಾತ್ರಿ, ಮಂಜು ಇದ್ದರೆ ಮಾತ್ರ ಹಳೆಯ ಮಾದರಿಗಳಿಗೆ ಕಷ್ಟ, ಏಕೆಂದರೆ ಗುರಿಯನ್ನು ಸಿಬ್ಬಂದಿಯೇ ಕಣ್ಣಾರೆ ಕಾಣಬೇಕು.

ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಇವನ್ನು ಈಗಲೂ ಬಳಸುತ್ತಿದ್ದಾರೆ. ಓಸಾ ಕ್ಷಿಪಣಿಗಳು ಸಾಲದೆ ಉಕ್ರೇನಿಗರು ಅದೇ ಗಾಡಿಗೆ ವಿಮಾನದ ಆರ್-73 ಕ್ಷಿಪಣಿ ಕಟ್ಟಿದ್ದೂ ಉಂಟು. ಹಳೆಯದೆಂದು ಸುಮ್ನೆ ತಳ್ಳಿಹಾಕುವಂತಿಲ್ಲ, ಅಲ್ವಾ?

ಆದರೂ ಅಗ್ಗದ ಡ್ರೋನ್‌ಗೆ ದುಬಾರಿ ಕ್ಷಿಪಣಿ ಸುಡುವುದು ಎಷ್ಟು ದಿನ ನಡೆದೀತು? ಡಿಆರ್‌ಡಿಒ ರೂಪಿಸಿದ, ವಿಮಾನಗಳನ್ನು ಬೇಗನೆ ಹೊಡೆಯುವ ಕ್ಷಿಪಣಿ ವ್ಯವಸ್ಥೆ ಕ್ಯೂಆರ್‌ಸ್ಯಾಮ್‌ನಲ್ಲಿ ಬೆಂಗಳೂರಿನ ಬಿಇಎಲ್ ಪಾಲೂ ಜಾಸ್ತಿ ಇದೆ. ಅದು ಹಳೆಯ ಗಾಡಿಗಳ ಜಾಗ ತುಂಬುವುದು ಯಾವಾಗ, ಡ್ರೋನ್‌ಗೆ ಫಿರಂಗಿಯೇ ಸಾಕೇ ಎಂಬುದನ್ನು ತಿಳಿದವರಿಂದ ಬರೆಸಿ.

– ಒಬ್ಬ ಓದುಗ, ಮೈಸೂರು