ಆಯುಧಪೂಜೆ ಹಿಂದಿನ ದಿನದ ಪೇಂಟಿಂಗ್ ಇನ್ನು ಇಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಎಲ್ಲರಿಗೂ ನಮಸ್ಕಾರ,

ಸುತ್ತಿ ಬಳಸದೆ ವಿಷಯ ಹೇಳಿಬಿಡುತ್ತೇವೆ. ಸ್ಕೂಟರ್, ಬೈಕಿನ ಪ್ಲಾಸ್ಟಿಕ್ ಪ್ಯಾನೆಲ್‌ಗಳಿಗೆ ಒಂದೇ ದಿನದಲ್ಲಿ ಪೇಂಟ್ ಮಾಡಿ ಕೊಡುವುದನ್ನು ನಿಲ್ಲಿಸಿದ್ದೇವೆ. ಇನ್ನು ಮುಂದೆ ಆರು ದಿನ ಬೇಕು, ಮಳೆ ಹಿಡಿದರೆ ಎಂಟು. ಗಾಡಿ ಮೇಲೆಯೇ ಪೇಪರ್ ಅಂಟಿಸಿ ಹೊಡೆಯುವುದೂ ಇಲ್ಲ, ಪ್ಯಾನೆಲ್ ಬಿಚ್ಚಿಯೇ ಮಾಡುವುದು. ಆಯುಧಪೂಜೆಗೆ ಗಾಡಿ ಬೇಕಿದ್ದರೆ ಪೂಜೆಗೆ 15 ದಿನ ಮುಂಚೆ ತಂದು ಕೊಡಬೇಕು. ರೇಟ್ ಕೂಡ ಏರಿದೆ: ಎರಡು ಸೈಡ್ ಪ್ಯಾನೆಲ್‌ಗೆ 1,400 ರೂಪಾಯಿ ಇದ್ದದ್ದು ಈಗ 1,800, ಮುತ್ತಿನ ಹಾಗೆ ಮಿನುಗುವ ಪರ್ಲ್ ಬಣ್ಣವಾದರೆ 2,400.

ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಅದಕ್ಕೂ ಮೊದಲು ಕ್ಷಮೆ ಕೇಳಬೇಕಾದ್ದು ನಮ್ಮ ಕೆಲಸ.

ಹೋದ ದಸರಾದಲ್ಲಿ ಆ ಒಂದು ವಾರ ಮೈಸೂರಿನಲ್ಲಿ ಮಳೆ ಬಿಡಲೇ ಇಲ್ಲ. ಅಂಗಡಿ ಮುಂದೆ ಇಪ್ಪತ್ತಕ್ಕೂ ಹೆಚ್ಚು ಗಾಡಿ ನಿಂತಿದ್ದವು. ಪೂಜೆಗೆ ಗಾಡಿ ಮನೆಯಲ್ಲಿರಬೇಕು ಅಣ್ಣ, ಹೇಗಾದರೂ ಮಾಡಿಕೊಡಿ ಅಂತ ವರ್ಷಗಟ್ಟಲೆ ಬರುವವರು ಕೇಳಿದಾಗ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಎರಡು ರಾತ್ರಿ ನಿದ್ದೆ ಬಿಟ್ಟು ಹೊಡೆದೆವು. ನೋಡೋಕೆ ಎಲ್ಲವೂ ಕನ್ನಡಿ ಹಾಗೆ ಹೊಳೆಯುತ್ತಿದ್ದವು. ದೀಪಾವಳಿ ಹೊತ್ತಿಗೆ ಬಣ್ಣ ಎದ್ದು ಏಳು ಗಾಡಿ ವಾಪಸ್ ಬಂದವು. ಅದರಲ್ಲಿ ನಮ್ಮ ಹಳೇ ಗ್ರಾಹಕರೊಬ್ಬರು, ಮೇಷ್ಟ್ರು, ಬೈಯಲಿಲ್ಲ, ಜೋರು ಮಾಡಲಿಲ್ಲ. ಪೂಜೆ ದಿನ ಹೂವಿನ ಹಾರ ನಿಲ್ಲಿಸೋಕೆ ಡೂಮ್ (ಹೆಡ್‌ಲೈಟ್ ಸುತ್ತಲಿನ ಕವರ್) ಮೇಲೆ ಅಂಟಿಸಿದ್ದ ಟೇಪನ್ನು ಹಾಗೇ ತಂದು ಮೇಜಿನ ಮೇಲೆ ಇಟ್ಟರು. ಟೇಪಿನ ಅಂಟಿನ ತುಂಬ ನಾವು ಹೊಡೆದ ಕೆಂಪು ಬಣ್ಣ. ಆ ಟೇಪ್ ಇವತ್ತಿಗೂ ನಾವು ಸ್ಪ್ರೇ ಹೊಡೆಯುವ ಬೂತ್ ಬಾಗಿಲಿನಲ್ಲಿದೆ. ಆತುರಪಟ್ಟಿದ್ದು ತಪ್ಪು, ಆ ತಪ್ಪು ನಮ್ಮದೇ.

ಆದರೆ ಆಮೇಲೆ ಊರೆಲ್ಲ ಹಬ್ಬಿದ ಮಾತು ಬೇರೆ. ಇವರು ಲೋ ಕ್ವಾಲಿಟಿ ಪೇಂಟ್ ಹಾಕಿದ್ದಾರೆ, ದುಡ್ಡು ಉಳಿಸಿದ್ದಾರೆ ಅಂತ. ಇದನ್ನು ಎಷ್ಟು ಜನ ಫೋನಿನಲ್ಲಿ, ಎದುರಿಗೆ, ಅವರಿವರ ಬಾಯಲ್ಲಿ ಹೇಳಿಸಿದ್ದಾರೆ ಅಂದರೆ, ಉತ್ತರ ಕೊಡದೆ ಸುಮ್ಮನಿರೋಕೆ ಆಗುತ್ತಿಲ್ಲ. ಅದೇ ವಾರ, ಅದೇ ಡಬ್ಬದ ಬಣ್ಣವನ್ನು ಒಂದು ಹಳೇ ಯೆಜ್ಡಿಯ ಪೆಟ್ರೋಲ್ ಟ್ಯಾಂಕಿಗೂ ಹೊಡೆದಿದ್ದೇವೆ. ಅದು ಇವತ್ತಿಗೂ ಒಂದು ಚೂರು ಎದ್ದಿಲ್ಲ. ಟ್ಯಾಂಕ್ ತಗಡು. ಎದ್ದಿದ್ದೆಲ್ಲ ಪ್ಲಾಸ್ಟಿಕ್ ಮೇಲಿನ ಬಣ್ಣ. ಪೇಂಟ್ ಕೆಟ್ಟದಾಗಿದ್ದರೆ ಎರಡರಲ್ಲೂ ಏಳಬೇಕಿತ್ತು ಅಲ್ವಾ?

ನಾವೆಲ್ಲ ರೂಢಿಯಲ್ಲಿ ಫೈಬರ್ ಅಂತೀವಿ. ಅದು ಫೈಬರ್ ಅಲ್ಲ, ಪ್ಲಾಸ್ಟಿಕ್, ಅದರಲ್ಲೂ ಒಂದೇ ಜಾತಿ ಅಲ್ಲ. ನಿಮ್ಮ ಗಾಡಿಯ ಪ್ಯಾನೆಲ್ ಬಿಚ್ಚಿದಾಗ ಒಳಮೈ ನೋಡಿ. ಸಾಮಾನ್ಯವಾಗಿ ಎರಡು ಬಾಣದ ಗುರುತಿನ ನಡುವೆ ಎಬಿಎಸ್ ಅಂತಲೋ ಪಿಪಿ ಅಂತಲೋ ಅಚ್ಚು ಇರುತ್ತದೆ. ಎಬಿಎಸ್ (ಬ್ರೇಕಿನ ಎಬಿಎಸ್ ಅಲ್ಲ, ಇದು ಒಂದು ಜಾತಿಯ ಪ್ಲಾಸ್ಟಿಕ್) ಆದರೆ ಬಣ್ಣ ಹಿಡಿಯುತ್ತದೆ, ಆದರೆ ಬಣ್ಣ ತೆಳು ಮಾಡುವ ಥಿನ್ನರ್ ಖಾರವಾದರೆ ಮೈ ಕರಗುತ್ತದೆ, ಸ್ಕ್ರೂ ಕೂರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ, ಅದೂ ಒಂದೆರಡು ವಾರ ಕಳೆದ ಮೇಲೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಮನೆಯ ಡಬ್ಬಿಗಳನ್ನು ಮಾಡುವ ಪ್ಲಾಸ್ಟಿಕ್. ಕೆಸುವಿನ ಎಲೆ ಮೇಲೆ ನೀರು ಹೇಗೆ ನಿಲ್ಲುವುದಿಲ್ಲವೋ ಹಾಗೆ ಅದರ ಮೇಲೆ ಬಣ್ಣ ಕಚ್ಚುವುದಿಲ್ಲ. ಅಚ್ಚು ಅಳಿಸಿಹೋಗಿದ್ದರೆ ಒಳಗಿನಿಂದ ಒಂದು ಚೂರು ಕೆರೆದು ನೀರಿಗೆ ಹಾಕುತ್ತೇವೆ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ.

ಪಿಪಿ ಮೇಲೆ ಬಣ್ಣ ನಿಲ್ಲಬೇಕಾದರೆ ಮೊದಲು ಅಡ್ಹೀಷನ್ ಪ್ರಮೋಟರ್ ಅನ್ನುವ ಒಂದು ತೆಳು ಕೋಟ್ ಬೇಕು. ನೋಡೋಕೆ ನೀರಿನ ಹಾಗೆ ಇರುತ್ತದೆ, ಕೆಲಸ ಮುಗಿದ ಮೇಲೆ ಅದು ಇದೆ ಅಂತ ಯಾರಿಗೂ ಕಾಣುವುದಿಲ್ಲ, ಆದರೆ ಲೀಟರ್ ಲೆಕ್ಕದಲ್ಲಿ ಅದು ಬಣ್ಣಕ್ಕಿಂತ ದುಬಾರಿ. ಹೋದ ವರ್ಷ ಅದನ್ನು ಹಾಕಿರಲಿಲ್ಲ ಅಂತಲ್ಲ. ಹಾಕಿದ್ದೆವು. ಆದರೆ ಕೆಳಗಿನ ಮೈ ಪೂರ್ತಿ ಒಣಗಿರಲಿಲ್ಲ, ತೊಳೆದ ನೀರು ಸಂದಿಯಲ್ಲಿ ಉಳಿದಿತ್ತು, ಗಾಳಿಯ ತುಂಬ ತೇವ ಬೇರೆ. ಹಾಗಾಗಿ ಪ್ರಮೋಟರ್ ಹಾಕಿಯೂ ಹಾಕದ ಹಾಗಾಯಿತು.

ಇನ್ನು ಆರು ದಿನದ ಮಾತು. ಒಂದೆರಡು ಗಂಟೆಯ ಸ್ಪ್ರೇಗೆ ವಾರವಾ ಅಂತ ಕೇಳುತ್ತೀರಿ. ಗನ್ ಹಿಡಿಯುವುದು ನಿಜಕ್ಕೂ ಒಂದೆರಡು ಗಂಟೆಯೇ. ಉಳಿದದ್ದೆಲ್ಲ ಸೋಪು ಹಾಕಿ ತೊಳೆಯುವುದು, ಆಲ್ಕೋಹಾಲಿನಲ್ಲಿ ಒರೆಸುವುದು, 400 ನಂಬರ್ ವಾಟರ್ ಪೇಪರ್‌ನಿಂದ ಶುರು ಮಾಡಿ 800ರವರೆಗೆ ಉಜ್ಜುವುದು, ಮತ್ತೆ ಒರೆಸುವುದು, ಆಮೇಲೆ ಕಾಯುವುದು. ಹೊಸ ಪ್ಯಾನೆಲ್ ಆದರೂ ಬಿಡುವ ಹಾಗಿಲ್ಲ, ಅಚ್ಚಿನಿಂದ ಬಿಡಿಸಲು ಫ್ಯಾಕ್ಟರಿಯಲ್ಲಿ ಹಚ್ಚಿದ ಜಿಡ್ಡು ಅದರ ಮೇಲಿರುತ್ತದೆ. ತಗಡಿನ ಬಾಡಿಯನ್ನು ಕಂಪನಿಗಳಲ್ಲಿ 140 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಅರ್ಧ ಗಂಟೆಯಲ್ಲಿ ಒಣಗಿಸುತ್ತಾರೆ. ಎಬಿಎಸ್ ನೂರು ಡಿಗ್ರಿ ಹತ್ತಿರಕ್ಕೆ ಬಂದರೇ ಮೆತ್ತಗಾಗಿ ಸೊಟ್ಟ ಆಗುತ್ತದೆ, ಆಮೇಲೆ ಲಾಕ್‌ಗಳು ಕೂರುವುದಿಲ್ಲ. ಹಾಗಾಗಿ ನಾವು 60 ಡಿಗ್ರಿ ದಾಟುವುದಿಲ್ಲ. ಬಿಸಿ ಕಡಿಮೆಯಾದಷ್ಟೂ ಸಮಯ ಜಾಸ್ತಿ ಬೇಕು, ಅದನ್ನು ನಮ್ಮಿಂದ ಕಡಿಮೆ ಮಾಡೋಕೆ ಆಗಲ್ಲ.

ರೇಟಿನ ಬಗ್ಗೆ ಮುಚ್ಚುಮರೆ ಇಲ್ಲ. ಬಣ್ಣಕ್ಕೂ ಥಿನ್ನರಿಗೂ ನಾವು 18% ಜಿಎಸ್‌ಟಿ ಕೊಟ್ಟೇ ತರುವುದು. ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಕ್ಲಿಯರ್ ಕೋಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಬೆರೆಸಿದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ಕಪ್ಪಿನಲ್ಲೇ ಗಟ್ಟಿಯಾಗುತ್ತದೆ. ಹಾರ್ಡ್ನರ್ ಡಬ್ಬ ಒಮ್ಮೆ ಬಿಚ್ಚಿದರೆ ಮಳೆಗಾಲದ ತೇವವನ್ನು ಅದೇ ಎಳೆದುಕೊಂಡು ಹಾಳಾಗುತ್ತದೆ. ಈ ಮಳೆಗಾಲದಲ್ಲಿ ನಾವು ಎಸೆದ ಅರ್ಧರ್ಧ ಡಬ್ಬ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಆ ಖರ್ಚು ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ, ಬೈಗುಳ ಮಾತ್ರ ನಮಗೆ.

ಇನ್ನೊಂದು ಖರ್ಚು ಇದೆ, ಅದರ ಬಗ್ಗೆ ಚೌಕಾಸಿ ಬೇಡ. ಆ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇದೆ, ಉಸಿರಿನ ಜೊತೆ ಒಳಗೆ ಹೋದರೆ ಆಸ್ತಮಾ ತರಿಸಬಹುದು. ನಮ್ಮ ಹುಡುಗನಿಗೆ ಹೋದ ವರ್ಷ ಆ ರಾತ್ರಿಗಳ ನಂತರ ಎದೆ ಬಿಗಿಯೋಕೆ ಶುರುವಾಯಿತು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುತ್ತಿದ್ದೆವು, ಅದು ಏನಕ್ಕೂ ಸಾಲದು. ಈಗ ಕಾರ್ಟ್ರಿಜ್ ಇರುವ ಮಾಸ್ಕ್ ತಂದಿದ್ದೇವೆ, ಕಾರ್ಟ್ರಿಜ್ ಆಗಾಗ ಬದಲಾಯಿಸಬೇಕು, ಬೂತಿಗೆ ದೊಡ್ಡ ಎಕ್ಸಾಸ್ಟ್ ಹಾಕಿಸಿದ್ದೇವೆ. ಹುಡುಗನನ್ನು ಗನ್ ಕೆಲಸದಿಂದ ಬಿಡಿಸಿ ಉಜ್ಜುವ, ಫಿಟ್ಟಿಂಗ್ ಕೆಲಸಕ್ಕೆ ಹಾಕಿದ್ದೇವೆ. ನಿಮ್ಮ 400 ರೂಪಾಯಿಯಲ್ಲಿ ಒಂದು ಪಾಲು ಇದಕ್ಕೆ ಹೋಗುತ್ತದೆ.

ಇಷ್ಟು ದುಡ್ಡಿಗೆ ಹೊಸ ಪ್ಯಾನೆಲ್ಲೇ ಬರುತ್ತದಲ್ಲ ಅನ್ನುವವರಿಗೆ: ಕೆಲವು ಮಾಡೆಲ್‌ಗೆ ಬರುತ್ತದೆ, ಹಾಗಿದ್ದರೆ ಅದನ್ನೇ ತಗೊಳ್ಳಿ ಅಂತ ನಾವೇ ಹೇಳಿ ಕಳಿಸುತ್ತೇವೆ, ಈಗಾಗಲೇ ಕಳಿಸಿದ್ದೇವೆ ಕೂಡ.

ಬಣ್ಣ ಬದಲಾಯಿಸುವವರಿಗೆ ಒಂದು ಮಾತು. ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. ಪೂರ್ತಿ ಬೇರೆ ಬಣ್ಣ ಮಾಡಿಸುವುದಾದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿಕೊಂಡು ಬನ್ನಿ. ಮಿಲಿಟರಿ ಗ್ರೀನ್ ಮಾತ್ರ ಎಷ್ಟು ಕೊಟ್ಟರೂ ಹೊಡೆಯುವುದಿಲ್ಲ, ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು, ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲೇ ಇದೆ.

ಹೋದ ದಸರಾದಲ್ಲಿ ಮಾಡಿಸಿದವರು ಯಾರೇ ಆಗಲಿ, ಬಣ್ಣ ಎದ್ದಿರಲಿ ಬಿಡಲಿ, ಒಮ್ಮೆ ಗಾಡಿ ತನ್ನಿ. ಬಿಲ್ ಕಳೆದುಹೋಗಿದ್ದರೂ ಪರವಾಗಿಲ್ಲ, ನಮ್ಮ ಪುಸ್ತಕದಲ್ಲಿ ಗಾಡಿ ನಂಬರ್ ಇದೆ. ಕಾಣದ ಅಂಚಿನಲ್ಲಿ ಬ್ಲೇಡಿನಿಂದ ಸಣ್ಣ ಚೌಕ ಗೀರಿ, ಟೇಪ್ ಅಂಟಿಸಿ, ನಿಮ್ಮ ಎದುರಿಗೇ ಎಳೆದು ತೋರಿಸುತ್ತೇವೆ. ಟೇಪಿನಲ್ಲಿ ಬಣ್ಣ ಬಂದರೆ ಆ ಪ್ಯಾನೆಲ್ ಹೊಸದಾಗಿ ಮಾಡಿಕೊಡುವುದು ನಮ್ಮ ಖರ್ಚಿನಲ್ಲಿ. ಮೇಷ್ಟ್ರ ಡೂಮ್ ಹಾಗೇ ಮಾಡಿಕೊಟ್ಟಿದ್ದೇವೆ, ಎಂಟು ದಿನ ಹಿಡಿಯಿತು, ಒಂದು ಮಾತು ಅನ್ನದೆ ಕಾದರು. ಇನ್ನು ಮುಂದೆ ಹೊರಗೆ ಹೋಗುವ ಪ್ರತಿ ಪ್ಯಾನೆಲ್ಲಿಗೂ ಈ ಟೇಪ್ ಪರೀಕ್ಷೆ ಇರುತ್ತದೆ, ಅದನ್ನು ನಾನೇ ಮಾಡುತ್ತೇನೆ.

ಪ್ಯಾನೆಲ್ ಕೊಡುವ ಮುಂಚೆ ಎರಡು ವಾರ ವಾಟರ್ ವಾಶ್‌ನಲ್ಲಿ ಶೈನರ್ ಹಾಕಿಸಬೇಡಿ. ಅದರ ಸಿಲಿಕೋನ್ ಮೇಲೆ ಬಣ್ಣ ಹೊಡೆದರೆ ಮೀನಿನ ಕಣ್ಣಿನ ಹಾಗೆ ಗುಳಿ ಗುಳಿ ಬೀಳುತ್ತದೆ. ಗಾಡಿ ತಗೊಂಡು ಹೋದ ಮೇಲೆ ಒಂದು ತಿಂಗಳು ಸ್ಟಿಕ್ಕರ್, ಪಾಲಿಶ್ ಬೇಡ. ಈ ಸಲ ಪೂಜೆಗೆ ಹಾರವನ್ನು ದಾರದಲ್ಲೇ ಕಟ್ಟಿ. ದಾರ ನಮ್ಮಲ್ಲೇ ಇದೆ, ಗಾಡಿ ಜೊತೆ ಕೊಟ್ಟು ಕಳಿಸುತ್ತೇವೆ.

ನಿಮ್ಮ
ಪೇಂಟ್ ಅಂಗಡಿಯವರು, ಮೈಸೂರು