ಜೀನೋಮಿಕ್ಸ್ ಕಾನ್ಫರೆನ್ಸುಗಳಿಗೆ ಆನ್‌ಲೈನ್ ಲಿಂಕ್ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ಕೊರೊನಾ ಮುಗಿದ ಮೇಲೆ ಜೀನೋಮಿಕ್ಸ್ (ಜೀವಿಯ ಪೂರ್ತಿ ಡಿಎನ್‌ಎ ಅಂದ್ರೆ ಜೀನೋಮಿನ ಅಧ್ಯಯನ), ಬಯೋಇನ್‌ಫರ್ಮ್ಯಾಟಿಕ್ಸ್ (ಅಂಥ ಡೇಟಾವನ್ನು ಕಂಪ್ಯೂಟರಲ್ಲಿ ಓದುವ ವಿದ್ಯೆ) ಕಾನ್ಫರೆನ್ಸುಗಳು ಎಷ್ಟೋ ಕಡೆ ಆನ್‌ಲೈನ್ ಬಿಟ್ಟು ಪುನಃ ಸಭೆಯ ಹಾಲ್‌ನೊಳಗೇ ನಡೀತಿವೆ, ಇದರಿಂದ ನಮ್ಮ ಕಾಸರಗೋಡಿನ ಮಕ್ಕಳಿಗೆ ಆಗುವ ನಷ್ಟದ ಬಗ್ಗೆ ಯಾರೂ ಮಾತಾಡೋದಿಲ್ಲ, ಅದಕ್ಕೇ ಈ ಪತ್ರ.

2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಬಂದ್ ಮಾಡಿದ್ದು ನಮಗೆ ಮರ್ತುಹೋಗ್ಲಿಲ್ಲ. ಮಂಗಳೂರಿಗೇ ಹೋಗ್ಲಿಕ್ಕೆ ಕಷ್ಟವಾಗಿದ್ದ ಅದೇ ವರ್ಷ ಜುಲೈಯಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಆಗ್ಬೇಕಿದ್ದ ಐಎಸ್‌ಎಂಬಿ ಎಂಬ ಬಯೋಇನ್‌ಫರ್ಮ್ಯಾಟಿಕ್ಸಿನ ಅಂತರರಾಷ್ಟ್ರೀಯ ಸಮ್ಮೇಳನ ಪೂರ್ತಿ ಆನ್‌ಲೈನ್ ಆಯ್ತು. ಮಾಡ್ಲಿಕ್ಕೆ ಆಗ್ತದೆ ಅಂತ ಆಗ್ಲೇ ಗೊತ್ತಾಗಿದೆ.

ಈ ಸಬ್ಜೆಕ್ಟಿಗೆ ಲಕ್ಷಗಟ್ಟಲೆ ಬೆಲೆಯ ಲ್ಯಾಬೇ ಬೇಕು ಅಂತಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಇದ್ರೆ ಜೀನ್‌ಬ್ಯಾಂಕ್ ಎಂಬ ಆನ್‌ಲೈನ್ ಡೇಟಾಬೇಸಿನಿಂದ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ತೆಗ್ದು, ಅದಕ್ಕೆ ಹೋಲುವ ಬೇರೆ ಸೀಕ್ವೆನ್ಸ್ ಹುಡುಕುವ ಬ್ಲಾಸ್ಟ್ ಪ್ರೋಗ್ರಾಮಿಗೆ ಹಾಕಿ ನೋಡ್ಬಹುದು, ಒಂದು ಪೈಸೆ ಕೊಡ್ಬೇಕಾಗಿಲ್ಲ. ಡೇಟಾ ಮುಚ್ಚಿಡ್ಬಾರ್ದು ಅನ್ನೋದು ಈ ಫೀಲ್ಡಿನ ಹಳೇ ಕ್ರಮ, ಮನುಷ್ಯನ ಪೂರ್ತಿ ಡಿಎನ್‌ಎ ಓದ್ಲಿಕ್ಕೆ ಹೊರಟ ಹ್ಯೂಮನ್ ಜೀನೋಮ್ ಪ್ರಾಜೆಕ್ಟಿನವರು 1996ರಲ್ಲಿ ಬರ್ಮುಡಾದಲ್ಲಿ ಸೇರಿ ಸೀಕ್ವೆನ್ಸನ್ನು 24 ಗಂಟೆಯೊಳಗೆ ಎಲ್ಲರಿಗೂ ಸಿಗುವ ಹಾಗೆ ಹಾಕ್ಬೇಕು ಅಂತ ಒಪ್ಪಿದ್ರು. ಕೊರೊನಾ ವೈರಸ್ಸಿನ ಸುಮಾರು 30 ಸಾವಿರ ಅಕ್ಷರದ ಜೀನೋಮ್ ಕೂಡ 2020ರ ಜನವರಿಯಲ್ಲೇ ಎಲ್ಲರಿಗೂ ಸಿಕ್ಕಿತು. ಡೇಟಾ ಎಲ್ಲರಿಗೂ ಫ್ರೀ, ಆದ್ರೆ ಅದನ್ನು ಓದೋದು ಹೇಗೆ ಅಂತ ತಿಳಿದವರು ಹೇಳುವ ಮಾತು ಮಾತ್ರ ಫ್ಲೈಟ್ ಟಿಕೆಟ್‌ಗೆ, ರೂಮಿಗೆ ದುಡ್ಡಿದ್ದವರಿಗೆ ಅಂದ್ರೆ ಇದು ಎಂಥ ನ್ಯಾಯ?

ನಾನು ಎಂಎಸ್ಸಿ ಮಕ್ಕಳಿಗೆ ಪಾಠ ಮಾಡುವವಳು. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗಿ ಒಬ್ಬಳು, ಎದ್ದು ನಿಂತು ಇಂಗ್ಲಿಷಲ್ಲಿ ಕೇಳ್ಲಿಕ್ಕೆ ಹೆದರುವವಳು, ಒಂದು ಆನ್‌ಲೈನ್ ಸೆಷನ್ನಿನಲ್ಲಿ ಚಾಟ್‌ನಲ್ಲಿ ಟೈಪ್ ಮಾಡಿದ್ಲು, ಡೇಟಾಬೇಸ್ ಬದಲಾಯಿಸಿದ್ರೆ ಬ್ಲಾಸ್ಟಿನ ಇ-ವ್ಯಾಲ್ಯೂ ಯಾಕೆ ಬದಲಾಗ್ತದೆ ಅಂತ. ಸ್ಪೀಕರ್ ಸ್ಲೈಡ್ ಹಿಂದೆ ಹಾಕಿ, ಡೇಟಾಬೇಸ್ ದೊಡ್ಡದಾದಷ್ಟು ಸುಮ್ನೆ ಆಕಸ್ಮಿಕವಾಗಿ ಹೊಂದುವ ಸೀಕ್ವೆನ್ಸೂ ಜಾಸ್ತಿ ಸಿಗ್ತದೆ, ಇ-ವ್ಯಾಲ್ಯೂ ಲೆಕ್ಕ ಹಾಕೋದೇ ಅದನ್ನು ಅಂತ ನಿಧಾನಕ್ಕೆ ವಿವರಿಸಿದ್ರು. ಅಷ್ಟೊತ್ತಿಗೆ ಕರೆಂಟ್ ಹೋಯ್ತು, ಉಳಿದದ್ದನ್ನು ಮರುದಿನ ರೆಕಾರ್ಡಿಂಗಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ ನೋಟ್ಸ್ ಮಾಡ್ಕೊಂಡ್ಲು. ಹಾಲ್‌ನಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ರೆ ಅವಳು ಆ ಪ್ರಶ್ನೆ ಕೇಳ್ತಿರ್ಲಿಲ್ಲ, ಇದು ನನಗೆ ಖಂಡಿತ ಗೊತ್ತುಂಟು.

ಎದುರೆದುರು ಕೂತು ಮಾತಾಡಿದಷ್ಟು ಪರಿಚಯ ಆನ್‌ಲೈನಲ್ಲಿ ಆಗೋದಿಲ್ಲ, ಒಪ್ತೇನೆ. ಹಾಲ್‌ನ ಕಾರ್ಯಕ್ರಮ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ಜೊತೆಗೆ ಲಿಂಕ್ ಕೊಡಿ, ವಿದ್ಯಾರ್ಥಿಗಳಿಗೆ ಫೀಸ್ ಕಮ್ಮಿ ಮಾಡಿ, ರೆಕಾರ್ಡಿಂಗ್ ಒಂದೆರಡು ತಿಂಗಳಾದ್ರೂ ಇಡಿ.

ನಮ್ಮ ಜಿಲ್ಲೆಯಲ್ಲೇ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಇವತ್ತು ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಗಿ ಉಂಟು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ ವಿಭಾಗವೇ ಉಂಟು. ಅಡಿಕೆಯ ಹಳದಿ ಎಲೆ ರೋಗಕ್ಕೆ ಸಂಬಂಧಪಟ್ಟ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಗುರುತು ಹಿಡಿಯೋದು ಡಿಎನ್‌ಎ ನೋಡಿಯೇ, ಇದು ನಮ್ಮ ತೋಟದ್ದೇ ವಿಷಯ. ಈ ಎರಡು ಸಂಸ್ಥೆಯವರ ಸಮ್ಮೇಳನಗಳಲ್ಲಿ ಇಂಥ ಒಂದು ಸೆಷನ್ನನ್ನಾದ್ರೂ ಕನ್ನಡದಲ್ಲೂ ಮಲಯಾಳದಲ್ಲೂ ಆನ್‌ಲೈನಲ್ಲಿ ಬಿಡ್ಲಿ, ಕೃಷಿಕರ ಮನೆಯ ಮಕ್ಕಳು ಮನೆಯಲ್ಲೇ ಕೂತು ಕೇಳ್ತಾರೆ.

– ಕಾಲೇಜು ಉಪನ್ಯಾಸಕಿ, ಬದಿಯಡ್ಕ