ರಾಘ್ಯಾ, ನಮ್ಮ ಹಳೇ ಶೀಟ್ ತೆರೆದು ನೋಡಿದೆ

ಪ್ರೀತಿಯ ರಾಘ್ಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. "ಹೊಸ ಆ್ಯಪ್ ಬಂದರೆ ಸಾಕು, ಮೊದಲು ಹಾಕಿಕೊಳ್ಳುವವನು ನೀನು. ದಿನಾ ಬಳಸುವುದರಲ್ಲಿ ನಿಜವಾಗಿ ಇಷ್ಟ ಆಗಿರುವುದು ಯಾವುದು ಹೇಳು" ಅಂದೆ. ನಾನು ಜಿಮೇಲ್ ಅಂದುಬಿಟ್ಟೆ. ಸುಳ್ಳಲ್ಲ, ಆದರೆ ಪೂರ್ತಿ ಮಾತೂ ಅಲ್ಲ. ಅದಕ್ಕೇ ಈ ಪತ್ರ. ಎಲ್ಲರೂ ಓದುವ ಜಾಗದಲ್ಲಿ ಹಾಕುತ್ತಿದ್ದೇನೆ, ಹಾಗಾಗಿ ನಿನ್ನ ಪೂರ್ತಿ ಹೆಸರು ಬರೆದಿಲ್ಲ.

ಜಿಮೇಲ್ ಮೇಲಿನ ಪ್ರೀತಿ ಹಳೆಯದು. 2004ರ ಏಪ್ರಿಲ್ 1ಕ್ಕೆ ಬಂತು, 1 ಜಿಬಿ ಜಾಗ ಕೊಡುತ್ತೇವೆ ಅಂದರು. ಬೇರೆಯವರು ಎರಡೋ ನಾಲ್ಕೋ ಎಂಬಿ ಕೊಡುತ್ತಿದ್ದ ಕಾಲ ಅದು. ಏಪ್ರಿಲ್ ಫೂಲ್ ಇರಬೇಕು ಅಂತ ಎಷ್ಟೋ ಜನ ನಂಬಲೇ ಇಲ್ಲ. ಮ್ಯಾಪ್ಸ್ ಬಗ್ಗೆ ಹೇಳುವುದಾದರೆ ನಮ್ಮ ಅವ್ವನ ಮಾತು ಹೇಳಬೇಕು. ಅವಳಿಗೆ ಮರಾಠಿ ಬೋರ್ಡ್ ಓದಲು ಬರುವುದಿಲ್ಲ. ಕಳೆದ ಸಲ ಪುಣೆಗೆ ಬಂದಾಗ ಅವಳ ಫೋನಿನಲ್ಲಿ ಮ್ಯಾಪ್ಸ್ ಕನ್ನಡಕ್ಕೆ ಹಾಕಿಕೊಟ್ಟೆ. 2021ರಿಂದ ಊರು, ಅಂಗಡಿ, ಆಸ್ಪತ್ರೆಗಳ ಹೆಸರನ್ನೂ ಕನ್ನಡ ಅಕ್ಷರದಲ್ಲಿ ತೋರಿಸುತ್ತಾರಲ್ವಾ. ರಿಕ್ಷಾದಲ್ಲಿ ಕೂತು ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತಾ ಬಂದಳು. ಕರ್ವೆ ರಸ್ತೆ, ನಳ್ ಸ್ಟಾಪ್, ಕೋಥ್ರೂಡ್. "ಇನ್ನ ಒಬ್ಬಾಕಿನ ಅಡ್ಡಾಡತೇನಿ" ಅಂದಳು. ಒಂದು ಕಂಪನಿ ಮಾಡಿದ ಕೆಲಸಕ್ಕೆ ಅವತ್ತು ಮನಸಾರೆ ಥ್ಯಾಂಕ್ಸ್ ಅಂದುಕೊಂಡೆ.

ಆದರೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗಿರುವುದು ಗೂಗಲ್ ಶೀಟ್ಸ್, ಅದೇ ಆನ್‌ಲೈನಿನಲ್ಲಿ ಲೆಕ್ಕ ಬರೆದಿಡುವ ಶೀಟು.

ನಗಬೇಡ. ಎಕ್ಸೆಲ್ ಗೊತ್ತಿದ್ದವರು ಶೀಟ್ಸ್ ಅಂದರೆ ಮೂಗು ಮುರಿಯುತ್ತಾರೆ. ದೊಡ್ಡ ಲೆಕ್ಕಕ್ಕೆ ಎಕ್ಸೆಲ್ಲೇ ಬೇಕು, ಒಪ್ಪುತ್ತೇನೆ, ಆಫೀಸಿನಲ್ಲಿ ನಾನೂ ಅದನ್ನೇ ಬಳಸುತ್ತೇನೆ. ಆದರೆ 2006ರ ಜೂನ್‌ನಲ್ಲಿ ಗೂಗಲ್ ತನ್ನ ಸ್ಪ್ರೆಡ್‌ಶೀಟ್ ಹೊರಗೆ ಬಿಟ್ಟಾಗ ಬದಲಾದದ್ದು ಲೆಕ್ಕ ಮಾಡುವ ರೀತಿಯಲ್ಲ, ಲೆಕ್ಕ ಇಡುವವರ ಸಂಖ್ಯೆ. ಅದಕ್ಕೂ ಮುಂಚೆ ಒಂದೇ ಫೈಲು ಮೇಲ್‌ನಲ್ಲಿ ಓಡಾಡಿ 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಆಗುತ್ತಿತ್ತು. ಇಲ್ಲಿ ಫೈಲು ಒಂದೇ, ಅದು ಇರುವ ಜಾಗವೂ ಒಂದೇ. ನಾಲ್ಕು ಜನ ಒಟ್ಟಿಗೆ ಬರೆಯಬಹುದು. ನೀನು ಯಾವ ಸೆಲ್‌ನಲ್ಲಿ, ಅಂದರೆ ಯಾವ ಚೌಕದಲ್ಲಿ ಇದ್ದೀಯ ಅಂತ ನನಗೆ ಕಾಣುತ್ತದೆ. ಸೇವ್ ಮಾಡುವ ಗೋಜೇ ಇಲ್ಲ. ಲಿಂಕ್ ಇದ್ದವರು ಲಾಗಿನ್ ಆಗದೆ ಬಂದರೆ ಯಾವುದೋ ಪ್ರಾಣಿಯ ಹೆಸರಿನಲ್ಲಿ ಮೇಲೆ ಮೂಲೆಯಲ್ಲಿ ಕೂರುತ್ತಾರೆ. ತಿಂಗಳ ಕೊನೆಗೆ ತಪ್ಪದೆ ಬರುತ್ತಿದ್ದ ಆ ಅನಾನಿಮಸ್ ಕ್ಯಾಪಿಬಾರಾ ಯಾರು ಅಂತ ಇಲ್ಲಿ ಬರೆಯುವುದಿಲ್ಲ, ಚಿಂತೆ ಮಾಡಬೇಡ.

ಈಗ ವಿಷಯಕ್ಕೆ ಬರುತ್ತೇನೆ.

ನನ್ನ ಗೂಗಲ್ ಖಾತೆಯ 15 ಜಿಬಿ ತುಂಬುತ್ತಾ ಬಂದಿತ್ತು. ಭಾನುವಾರ ಕೂತು ಡ್ರೈವ್ ಖಾಲಿ ಮಾಡುತ್ತಿದ್ದೆ. ದೊಡ್ಡ ವಿಡಿಯೋಗಳೆಲ್ಲ ಹೋದ ಮೇಲೆ ತಳದಲ್ಲಿ, ನಾವು ನಾಲ್ವರು ಪುಣೆಯಲ್ಲಿ ಒಟ್ಟಿಗಿದ್ದಾಗಿನ 'ಕೋಥ್ರೂಡ್ ಮನೆ ಖರ್ಚು' ಶೀಟ್ ಸಿಕ್ಕಿತು. ಅದನ್ನು ಅಳಿಸಿದರೆ ಒಂದು ಚೂರೂ ಜಾಗ ಉಳಿಯುವುದಿಲ್ಲ. 2021ರ ಜೂನ್ 1ಕ್ಕಿಂತ ಮುಂಚೆ ಮಾಡಿದ, ಆಮೇಲೆ ಯಾರೂ ತಿದ್ದದ ಶೀಟು ಲೆಕ್ಕಕ್ಕೇ ಬರುವುದಿಲ್ಲ. ಸುಮ್ನೆ ತೆರೆದೆ. ಬಾಡಿಗೆ, ಲೈಟ್ ಬಿಲ್, ಅಡುಗೆ ಮಾವಶಿ, ಗ್ಯಾಸ್, ಹಾಲು, ಪರಮೇಶಿ ಖಾತೆ. ನಾಲ್ಕು ಕಾಲಂ, ನಾಲ್ಕು ಹೆಸರು. ಬಾಡಿಗೆ 18,000, ತಲೆಗೆ 4,500. ಬಾಕಿಯ ಕಾಲಮ್ಮಿಗೆ ನೀನು ಹಾಕಿದ ಫಾರ್ಮುಲಾ ಇನ್ನೂ ಸರಿಯಾಗಿ ಕೂಡಿಸುತ್ತದೆ.

2015ರ ಮಳೆಗಾಲದ ತಿಂಗಳುಗಳಲ್ಲಿ ನನ್ನ ಹೆಸರಿನ ಮುಂದೆ ಬಾಡಿಗೆ ಸೊನ್ನೆ ಇತ್ತು.

ಅದು ನನಗೆ ನೆನಪಿದೆ. "ನಿನ್ನ ಡಿಪಾಸಿಟ್‌ನಲ್ಲಿ ಮುರಿದುಕೊಂಡಿದ್ದೀವಿ, ಆಮೇಲೆ ನೋಡೋಣ" ಅಂತ ನೀನೇ ಹೇಳಿದ್ದೆ. ಆದರೆ ಮನೆ ಬಿಡುವಾಗ ನನ್ನ ಡಿಪಾಸಿಟ್ ಪೂರ್ತಿ ವಾಪಸ್ ಬಂತಲ್ಲ? ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಫೈಲ್ ಮೆನುವಿಗೆ ಹೋಗಿ ವರ್ಷನ್ ಹಿಸ್ಟರಿ ತೆರೆದೆ. ಬಲಗಡೆ ದಿನಾಂಕಗಳ ಸಾಲು ಬಂತು. ಯಾರು ಏನು ತಿದ್ದಿದರು ಅಂತ ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ನಿನ್ನದು ಹಸಿರು. ರಾತ್ರಿ ಒಂದೂವರೆ ಹೊತ್ತಿಗೆ ನನ್ನ ಕಾಲಮ್ಮಿನ 4,500 ಸೊನ್ನೆ ಆಗಿದೆ, ನಿನ್ನ ಕಾಲಮ್ಮಿನ 4,500 ಹೋಗಿ 9,000 ಆಗಿದೆ. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ಮಾವಶಿ ಸಂಬಳದಲ್ಲೂ ನನ್ನ ಪಾಲು ನಿನ್ನ ಕಡೆಗೆ ಸರಿದಿದೆ.

ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ಹೀಗೆ ಮಾಡಿದ್ದರೆ ಗೀಚಿದ್ದು ಅವತ್ತೇ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಮೇಲೆ ಎಲ್ಲ ನೀಟಾಗಿದೆ, ಅಡಿಯಲ್ಲಿ ಎಲ್ಲವೂ ಉಳಿದಿದೆ.

ರಾಘ್ಯಾ, ನಾನು ಆಗ ಬೆಂಚ್ ಮೇಲೆ, ಅಂದರೆ ಕೆಲಸ ಇದ್ದೂ ಪ್ರಾಜೆಕ್ಟ್ ಇಲ್ಲದೆ ಕಾಯುತ್ತಾ ಇರಲಿಲ್ಲ. ನಿಮಗೆಲ್ಲ ಹಾಗೆ ಹೇಳಿದ್ದೆ. ಕಂಪನಿಯವರು ಕರೆದು ರಾಜೀನಾಮೆ ಬರೆಸಿಕೊಂಡಿದ್ದರು. ದಿನಾ ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹಿಂಜವಡಿ ಬಸ್ಸಿಗೆ ಅಂತ ಹೊರಡುತ್ತಿದ್ದೆ. ಪೌಡ್ ರೋಡಿನ ಒಂದು ಅಮೃತತುಲ್ಯದಲ್ಲಿ ಚಹಾ ಕುಡಿದು, ಮಳೆ ಬಿಟ್ಟರೆ ವೇತಾಳ ಟೇಕಡಿ ಹತ್ತಿ ಕೂರುತ್ತಿದ್ದೆ. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ ಆಫೀಸಿನಲ್ಲಿದ್ದೇನೆ ಅನ್ನುತ್ತಿದ್ದೆ. ಹುಬ್ಬಳ್ಳಿಗೆ ವಾಪಸ್ ಹೋಗಲು ರಾತ್ರಿ ಬಸ್ಸಿನ ಟಿಕೆಟ್ಟೂ ತೆಗೆಸಿದ್ದೆ. ಅವತ್ತು ರಾತ್ರಿ ಶೀಟ್ ನೋಡಿದಾಗ ಬಾಕಿ ಸೊನ್ನೆ ಅಂತಿತ್ತು. ಇನ್ನೊಂದು ತಿಂಗಳು ನೋಡೋಣ ಅಂತ ಉಳಿದುಕೊಂಡೆ. ಆ ಒಂದು ತಿಂಗಳಲ್ಲೇ ಈಗಿನ ಕೆಲಸ ಸಿಕ್ಕಿದ್ದು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ನಿನಗೆ ಎಲ್ಲ ಗೊತ್ತಿತ್ತು ಅಲ್ವಾ? ಒಂದು ದಿನವೂ ಕೇಳಲಿಲ್ಲ.

ಈಗ ನನ್ನನ್ನು ಕಾಡುತ್ತಿರುವುದು ಬೇರೆ. ನನ್ನ ಮಾನ ಉಳಿಯಲಿ ಅಂತ ನೀನು ಅರ್ಧ ರಾತ್ರಿಯಲ್ಲಿ ಎದ್ದು ಮಾಡಿದ ಕೆಲಸ ಇದು. ಅದನ್ನು ನಾನು ಎರಡು ಕ್ಲಿಕ್ಕಿನಲ್ಲಿ ಹೊರಗೆ ತೆಗೆದೆ. ತೆಗೆಯುವ ಹಕ್ಕು ನನಗಿತ್ತಾ? ಎಡಿಟ್ ಮಾಡುವ ಅನುಮತಿ ಇದ್ದವರಿಗೆಲ್ಲ ವರ್ಷನ್ ಹಿಸ್ಟರಿ ತೆರೆಯುತ್ತದೆ, ಬರೀ ನೋಡುವ ಅನುಮತಿ ಇದ್ದವರಿಗೆ ಇಲ್ಲ. ಸಾಫ್ಟ್‌ವೇರ್ ಲೆಕ್ಕದಲ್ಲಿ ನನಗೆ ಹಕ್ಕಿತ್ತು. ಆಫೀಸ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸೌಲಭ್ಯ ಇಲ್ಲ, ಯಾರೋ ತಪ್ಪಾಗಿ ಅಳಿಸಿದ್ದು ಕ್ಷಣದಲ್ಲಿ ವಾಪಸ್ ಬರುತ್ತದೆ. ಆದರೆ ತಪ್ಪನ್ನೂ ಗುಟ್ಟಾಗಿ ಮಾಡಿದ ಉಪಕಾರವನ್ನೂ ಅದು ಒಂದೇ ಥರ ಬರೆದಿಡುತ್ತದೆ. ಗೆಳೆಯರು, ಗಂಡ ಹೆಂಡತಿ, ಅಣ್ಣ ತಮ್ಮಂದಿರು ಸೇರಿ ಮನೆಯ ಲೆಕ್ಕ ಇಡುವ ಜಾಗಕ್ಕೆ ಇಷ್ಟು ನೆನಪು ಬೇಕಾ? ಯೋಚಿಸುತ್ತಲೇ ಇದ್ದೇನೆ. ಬೇಡ ಅನ್ನಲು ಬಾಯಿ ಬರುತ್ತಿಲ್ಲ. ಅದಿಲ್ಲದಿದ್ದರೆ ನೀನು ಮಾಡಿದ್ದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಇರಲಿ. ಇನ್ನೂ ಬರೆದರೆ ನೀನು ಫೋನ್ ಎತ್ತುವುದನ್ನೇ ಬಿಡುತ್ತೀಯ. ಆಗ ಯುಪಿಐ ಇರಲಿಲ್ಲ, ಈಗ ಇದೆ. ನಿನ್ನ ನಂಬರಿಗೆ ದುಡ್ಡು ಹಾಕುತ್ತೇನೆ, ಸುಮ್ನೆ ತೆಗೆದುಕೋ. ಬಡ್ಡಿಯ ಬದಲು ಚಿತಳೆ ಬಾಕರವಡಿ ತರುತ್ತೇನೆ, ಗಣೇಶ ಹಬ್ಬಕ್ಕೆ ಹುಬ್ಬಳ್ಳಿಗೆ ಬಂದಾಗ. ಪರಮೇಶಿ ಖಾತೆಯ ಲೆಕ್ಕ ಮಾತ್ರ ಕೇಳಬೇಡ, ಅದು ಕ್ಯಾಪಿಬಾರಾ ಕೊಡಬೇಕಾದದ್ದು.

ನಿನ್ನ,
ಮೂರನೇ ಕಾಲಂ